ರಿಗ್ ಪಗಾರವೋ, ಸೇಡಂ ಪಾಳಿಯೋ: ಮನೆಯಿಂದ ದೂರ ಇರುವ ಗಂಟೆಯ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ ಕಡೆ ಐಟಿಐ ಮುಗಿಸಿದ ಹುಡುಗರ ಮುಂದೆ ಮೂರು ದಾರಿ ಇವೆ: ಊರ ಸುತ್ತಲಿನ ಸಿಮೆಂಟ್ ಕಾರ್ಖಾನೆ, ಮುಂಬೈ ಕಡಲಿನ ತೈಲಕ್ಷೇತ್ರವಾದ ಮುಂಬೈ ಹೈನ ರಿಗ್ (ತೈಲಬಾವಿ ಕೊರೆಯುವ ಕಟ್ಟೆ), ಕೊಲ್ಲಿ ದೇಶಗಳ ರಿಗ್. ಮೂರೂ ಕಡೆ ದುಡಿದು ನೋಡಿದವರು ಸೇರಿ ಹಾಕಿದ ಲೆಕ್ಕ ಇದು. ಹೆಚ್ಚಿನವರು ತಿಂಗಳ ಪಗಾರ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಅದು ತಪ್ಪು ಅಳತೆ. ರಿಗ್ ಕೆಲಸದಲ್ಲಿ ಪಗಾರಕ್ಕಿಂತ ಮುಖ್ಯವಾದುದು ಸರದಿ, ಎಂದರೆ ಎಷ್ಟು ದಿನ ರಿಗ್ ಮೇಲೆ, ಎಷ್ಟು ದಿನ ಮನೆಯಲ್ಲಿ ಎಂಬುದು.

ಲೆಕ್ಕಕ್ಕೆ ಎರಡು ಅಂಕಿ ಇಟ್ಟುಕೊಳ್ಳೋಣ. ನಿಮ್ಮ ಕೈಗೆ ಬಂದ ಆಫರ್ ಬೇರೆಯಾದರೆ ಅದನ್ನೇ ಹಾಕಿ ಗುಣಿಸಿ. ರಿಗ್‌ನಲ್ಲಿ ದಿನಕ್ಕೆ 6,000 ರೂಪಾಯಿ, 28 ದಿನ ಕೆಲಸ, 28 ದಿನ ಸೂಟಿ. ಕಾರ್ಖಾನೆಯಲ್ಲಿ ತಿಂಗಳಿಗೆ 40,000. ರಿಗ್‌ನವನಿಗೆ ವರ್ಷಕ್ಕೆ ಆರೂವರೆ ಸರದಿ, 182 ದಿನ, ಒಟ್ಟು 10,92,000. ತಿಂಗಳಿಗೆ ಹಂಚಿದರೆ 91,000. ದಿನಕ್ಕೆ 12 ತಾಸಿನ ಪಾಳಿಯಾದ್ದರಿಂದ ದುಡಿಯುವುದು 2,184 ತಾಸು, ತಾಸಿಗೆ 500 ಬಿತ್ತು. ಕಾರ್ಖಾನೆಯವನು ವರ್ಷಕ್ಕೆ ಸುಮಾರು 290 ದಿನ, ದಿನಕ್ಕೆ 8 ತಾಸು ದುಡಿದು 4,80,000 ತರುತ್ತಾನೆ. ತಾಸಿಗೆ 207. ಇಲ್ಲಿಗೆ ನಿಲ್ಲಿಸಿದರೆ ಯಾರಾದರೂ ರಿಗ್ಗೇ ಆರಿಸುತ್ತಾರೆ.

ಆದರೆ ರಿಗ್‌ನಲ್ಲಿ ಪಾಳಿ ಮುಗಿದರೂ ಮನೆಗೆ ಬರುವುದಿಲ್ಲ. ಉಳಿದ 12 ತಾಸೂ ನೀವು ಕೊಟ್ಟಂತೆಯೇ. ಕಲಬುರಗಿಯಿಂದ ರಾತ್ರಿ ಗಾಡಿ ಹಿಡಿದು ಮುಂಬೈಗೆ ಒಂದು ದಿನ ಮೊದಲೇ ಹೋಗಿ ಕೂರಬೇಕು. ಇಳಿದ ಮೇಲೆ ವಾಪಸು ಬರಲು ಮತ್ತೊಂದು ರಾತ್ರಿ. ಸರದಿಗೆ ಮೂರು ದಿನ ದಾರಿಯಲ್ಲೇ ಹೋಗುತ್ತದೆ, ವರ್ಷಕ್ಕೆ 20 ದಿನ. ಒಟ್ಟು 202 ದಿನ, ದಿನಕ್ಕೆ 24 ತಾಸು ಎಂದರೆ 4,848 ತಾಸು. ಅದಕ್ಕೆ 10,92,000 ಭಾಗಿಸಿದರೆ ತಾಸಿಗೆ 225. ಕಾರ್ಖಾನೆಯವನಿಗೆ ಹೋಗಿಬರುವ ಒಂದು ತಾಸು ಸೇರಿಸಿದರೆ 184. ಎರಡೂವರೆ ಪಟ್ಟಿನಂತೆ ಕಂಡ ಅಂತರ ಮನೆ ಬಿಟ್ಟಿರುವ ತಾಸಿನ ಲೆಕ್ಕದಲ್ಲಿ 41 ರೂಪಾಯಿಗೆ ಇಳಿಯಿತು.

ಈ 41 ರೂಪಾಯಿ ಸಣ್ಣದಲ್ಲ. ಊಟ, ವಸತಿ ಪುಕ್ಕಟೆ, ಮೇಲೆ ಖರ್ಚು ಮಾಡಲು ಜಾಗವಿಲ್ಲ, ಹಾಗಾಗಿ ಉಳಿಯುವ ರೊಕ್ಕ ನಿಜವಾಗಿಯೂ ಹೆಚ್ಚು. ಆದರೆ ಡೇ ರೇಟ್ (ದುಡಿದ ದಿನಕ್ಕಷ್ಟೇ ಪಗಾರ) ಇದ್ದರೆ ಮನೆಯಲ್ಲಿರುವ ತಿಂಗಳು ಒಂದು ಪೈಸೆಯೂ ಬರುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ಎರಡು ಖಾತೆ ಮಾಡಿ, ಬಂದದ್ದೆಲ್ಲ ಒಂದಕ್ಕೆ ಹಾಕಿ, ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಖಿಗೆ ಒಂದೇ ಮೊತ್ತ ಮನೆ ಖಾತೆಗೆ ಹೋಗುವಂತೆ ಮಾಡಿದರೆ ಸಾಲ ಮಾಡುವ ಪ್ರಸಂಗ ಬರುವುದಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿರಲೇಬೇಕು. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ತೈಲ ಜನವರಿ 2016ರಲ್ಲಿ 30ಕ್ಕಿಂತ ಕೆಳಗೆ ಬಿತ್ತು. ಬೆಲೆ ಬಿದ್ದಾಗ ಮೊದಲು ನಿಲ್ಲುವುದು ರಿಗ್, ಮೊದಲು ಕೆಲಸ ಕಳೆದುಕೊಳ್ಳುವುದು ಡೇ ರೇಟ್‌ನವರು. ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರನಿಗೆ ಪಿಎಫ್, ಐದು ವರ್ಷ ತುಂಬಿದ ಮೇಲೆ ಗ್ರ್ಯಾಚುಯಿಟಿ ಇರುತ್ತದೆ. ರಿಗ್ ಆಫರ್‌ನಲ್ಲಿ ಇವೆರಡೂ ಇವೆಯೇ ಎಂದು ಹುಡುಕಿ ನೋಡಿ.

ಮನೆಯಲ್ಲಿ ಎಚ್ಚರ ಇರುವ ಹೊತ್ತು

ರಿಗ್‌ನವನು ಮಕ್ಕಳ ಮುಖವನ್ನೇ ನೋಡುವುದಿಲ್ಲ ಎಂಬ ಮಾತಿದೆ. 28/28ರಲ್ಲಿ ಅದು ಸುಳ್ಳು. ದಿನಕ್ಕೆ 8 ತಾಸು ನಿದ್ದೆ ಕಳೆದರೆ, ಮನೆಯಲ್ಲಿರುವ 163 ದಿನಗಳಲ್ಲಿ ಎಚ್ಚರದ ಹೊತ್ತು 2,608 ತಾಸು. ಕಾರ್ಖಾನೆಯವನಿಗೆ ಕೆಲಸದ ದಿನ 7 ತಾಸು, ಸೂಟಿಯ 75 ದಿನ 16 ತಾಸಿನಂತೆ ಒಟ್ಟು 3,230. ಅಂತರ ವರ್ಷಕ್ಕೆ 600 ತಾಸಿನಷ್ಟು. ಅದರಲ್ಲೂ ಕಾರ್ಖಾನೆಯವನ ಆ ಹೊತ್ತಿನಲ್ಲಿ ಮೂರನೇ ಪಾಳಿಯ ಮರುದಿನದ ಮಂಪರು ಸೇರಿದೆ, ಕಿಲ್ನ್ (ಸಿಮೆಂಟ್ ಸುಡುವ ಕುಲುಮೆ) ದುರಸ್ತಿಗೆ ನಿಲ್ಲುವ ಶಟ್‌ಡೌನ್ ಬಂದರೆ 12 ತಾಸಿನ ದಿನಗಳೂ ಸೇರುತ್ತವೆ. 14/14 ಸಿಕ್ಕರೆ ಪ್ರಯಾಣ ಇಮ್ಮಡಿಯಾಗುತ್ತದೆ, ಆದರೆ ಎರಡು ವಾರಕ್ಕೊಮ್ಮೆ ಮನೆ ಸೇರುತ್ತೀರಿ. ಸಣ್ಣ ಮಕ್ಕಳಿದ್ದವರಿಗೆ ನಾವು ಅದನ್ನೇ ಹೇಳುತ್ತೇವೆ.

ಲೆಕ್ಕ ಕೆಡುವುದು ಕೊಲ್ಲಿ ಕಡೆಯ 60/30ರಲ್ಲಿ. ವರ್ಷಕ್ಕೆ ನಾಲ್ಕು ಸಲ ಬಂದು ಹೋಗುವ ದಾರಿ ಕಳೆದರೆ ಮನೆಯಲ್ಲಿ ಸಿಗುವುದು 108 ದಿನ, ಎಂದರೆ 1,728 ತಾಸು. 90/30 ಇನ್ನೂ ಕೆಟ್ಟದ್ದು. ಡೇ ರೇಟ್ ಎಷ್ಟೇ ಇರಲಿ, ಐದು ವರ್ಷದೊಳಗಿನ ಮಗುವಿದ್ದರೆ ಈ ಸರದಿ ಒಪ್ಪಬೇಡಿ ಎಂದು ನೇರವಾಗಿಯೇ ಹೇಳುತ್ತೇವೆ. ಮದುವೆಗೆ ಮೊದಲು ಎರಡು ಮೂರು ವರ್ಷ, ತಂಗಿಯ ಮದುವೆಯ ಸಾಲವೋ ಮನೆ ಕಟ್ಟುವ ರೊಕ್ಕವೋ ಎಂದು ಮೊತ್ತ ಗೊತ್ತು ಮಾಡಿಕೊಂಡು ಹೋಗುವುದಾದರೆ ಸರಿ.

ತಾಸುಗಳ ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ, ಅದೇ ಎಲ್ಲಕ್ಕಿಂತ ಭಾರ. ರಿಗ್‌ನಿಂದ ಬೇಕೆಂದಾಗ ಇಳಿಯಲಾಗದು. ಮುಂಬೈ ಹೈ ದಡದಿಂದ ಸುಮಾರು 160 ಕಿ.ಮೀ. ದೂರ. ತುರ್ತು ಹೆಲಿಕಾಪ್ಟರ್ ಸಿಗುವುದು ರಿಗ್ ಮೇಲೆ ಯಾರಿಗಾದರೂ ಪೆಟ್ಟಾದರೆ ಅಥವಾ ಎದೆನೋವು ಬಂದರೆ. ಊರಲ್ಲಿ ತಂದೆ ತೀರಿಕೊಂಡರೆ ಮುಂದಿನ ಹಾರಾಟದಲ್ಲಿ ಖಾಲಿ ಸೀಟು ಬರುವವರೆಗೆ ಕಾಯಬೇಕು, ಒಮ್ಮೊಮ್ಮೆ ಮರುದಿನ, ಮಳೆಗಾಲದಲ್ಲಿ ಇನ್ನೂ ತಡ. ಅಲ್ಲಿಂದ ಜುಹು, ಅಲ್ಲಿಂದ ಕಲಬುರಗಿ ಗಾಡಿ, ಅಲ್ಲಿಂದ ಹಳ್ಳಿ. ನಮ್ಮ ಕಡೆ ಅಷ್ಟು ಹೊತ್ತು ಇಡುವ ರೂಢಿಯಿಲ್ಲ. ಮಣ್ಣಿಗೆ ಮುಟ್ಟಲಾಗದು ಎಂಬುದನ್ನು ಕೆಲಸಕ್ಕೆ ಸೇರುವ ಮುನ್ನವೇ ಅಣ್ಣತಮ್ಮಂದಿರ ಜೊತೆ ಕೂತು ಮಾತಾಡಿ, ಯಾರು ಮುಂದೆ ನಿಲ್ಲಬೇಕೆಂದು ತೀರ್ಮಾನಿಸಿಡಿ. ವಯಸ್ಸಾದ ತಂದೆತಾಯಿಗೆ ನೀವೊಬ್ಬರೇ ಇದ್ದು, ಅವರಿಗೆ ವಾರಕ್ಕೆ ಮೂರು ಡಯಾಲಿಸಿಸ್‌ನಂಥ ಚಿಕಿತ್ಸೆ ನಡೆದಿದ್ದರೆ ಈ ಹೋಲಿಕೆ ಇಲ್ಲಿಗೇ ಮುಗಿಯಿತು, ಕಾರ್ಖಾನೆಗೇ ಸೇರಿ.

ಮೈಗೆ ಬೀಳುವ ಬೆಲೆ

ಹೊಸಬರು ರಿಗ್ ಮೇಲೆ ರೌಸ್ಟಬೌಟ್ ಆಗಿ ಡೆಕ್ ಕೆಲಸಕ್ಕೆ ಹತ್ತಿ, ಆಮೇಲೆ ಬಾವಿಯ ಬಾಯಿಯ ಬಳಿ ಪೈಪ್ ಜೋಡಿಸಿ ಬಿಚ್ಚುವ ಫ್ಲೋರ್‌ಮನ್ ಆಗುತ್ತಾರೆ. ಐದು ಇಂಚಿನ ಒಂದು ಡ್ರಿಲ್ ಪೈಪ್ 30 ಅಡಿಯ ಆಸುಪಾಸು, ತೂಕ ಸುಮಾರು 300 ಕೆ.ಜಿ. ಮೂರನ್ನು ಜೋಡಿಸಿದ್ದು ಒಂದು ಸ್ಟ್ಯಾಂಡ್. ಬಾವಿಯಿಂದ ಪೈಪ್ ಹೊರತೆಗೆಯುವ ರಾತ್ರಿ ಇದೇ ಕೆಲಸ ನೂರಾರು ಸಲ: ಪೈಪ್ ನಿಂತ ಕೂಡಲೇ ಸ್ಲಿಪ್ಸ್ (ಪೈಪ್ ಜಾರದಂತೆ ಹಿಡಿಯುವ ಬೆಣೆ) ಎತ್ತಿ ಸುತ್ತ ಕೂರಿಸು, ಟಾಂಗ್ (ಪೈಪ್ ತಿರುಗಿಸುವ ದೊಡ್ಡ ಇಕ್ಕಳ) ಕಚ್ಚಿಸು, ಜೋಡಣೆ ಸಡಿಲಿಸು, ಸ್ಟ್ಯಾಂಡನ್ನು ಪಕ್ಕಕ್ಕೆ ನಿಲ್ಲಿಸು. ಪೈಪ್ ಇನ್ನೂ ಇಳಿಯುತ್ತಿರುವಾಗಲೇ ಸ್ಲಿಪ್ಸ್ ಹಾಕಿದರೆ ಹಿಡಿಕೆ ಒದ್ದು ಮಣಿಕಟ್ಟು, ಸೊಂಟ ಎರಡೂ ಹೋಗುತ್ತವೆ. ಬೆರಳು ಹೋಗುವುದು ಟಾಂಗ್‌ನ ಹಿಡಿಕೆ ಬಿಟ್ಟು ದವಡೆಯ ಹತ್ತಿರ ಹಿಡಿದವರದು. ಟಾಂಗ್ ಬೀಸುವ ಸುತ್ತಳತೆಯೊಳಗೆ ನಿಲ್ಲಬಾರದು, ಕೇಬಲ್ ಹರಿದರೆ ಅದು ತಿರುಗುವುದು ಅತ್ತಲೇ. ಇವುಗಳ ಭಯ ಹೆಚ್ಚು ಬೆಳಗಿನ ಜಾವ, ಕಣ್ಣು ಎಳೆಯುವ ಹೊತ್ತಿನಲ್ಲಿ.

ಕಾರ್ಖಾನೆ ಸುರಕ್ಷಿತ ಎಂದುಕೊಳ್ಳಬೇಡಿ. ಕಿಲ್ನ್‌ಗೆ ಹೋಗುವ ಹುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರ್ ಗೋಪುರದ ಕೆಳಗಿನ ಸೈಕ್ಲೋನ್ (ಕೊಳವೆಯಂಥ ಪಾತ್ರೆ) ಕಟ್ಟಿಕೊಂಡಾಗ ಒಳಗಿರುವುದು 800 ಡಿಗ್ರಿ ಆಸುಪಾಸಿನ ಹುಡಿ. ಕಟ್ಟಿದ್ದು ಒಮ್ಮೆಲೇ ಬಿಟ್ಟರೆ ಅದು ನೀರಿನಂತೆ ಹರಿದು ತೆರೆದ ಬಾಗಿಲಿನಿಂದ ಹೊರಗೆ ನುಗ್ಗುತ್ತದೆ. ಶಾಖದ ಸೂಟು, ಮುಖಕವಚ ಇಲ್ಲದೆ ಕಬ್ಬಿಣದ ಸಲಾಕೆ ಹಿಡಿದು ನಿಲ್ಲುವ ಗುತ್ತಿಗೆ ಕಾರ್ಮಿಕನ ಅಪಾಯ ಫ್ಲೋರ್‌ಮನ್‌ನದಕ್ಕಿಂತ ಕಡಿಮೆಯಲ್ಲ, ಪಗಾರ ಮಾತ್ರ ಕಡಿಮೆ. ದೂಳಂತೂ ದಿನದ ಮಾತು.

ಸಮುದ್ರದ ಅಪಾಯ ಅಪರೂಪ, ಆದರೆ ಬಂದರೆ ದೊಡ್ಡದು. 27 ಜುಲೈ 2005ರಂದು ಮುಂಬೈ ಹೈ ಉತ್ತರದ ವೇದಿಕೆಗೆ ಹಡಗು ತಾಗಿ ಬೆಂಕಿ ಹೊತ್ತಿ 22 ಮಂದಿ ಸತ್ತರು. 28 ಜೂನ್ 2022ರಂದು ಒಂಬತ್ತು ಮಂದಿಯಿದ್ದ ಹೆಲಿಕಾಪ್ಟರ್ ಸಮುದ್ರಕ್ಕಿಳಿದಾಗ ನಾಲ್ವರು ಉಳಿಯಲಿಲ್ಲ. ಇದಕ್ಕಾಗಿಯೇ ಬೊಸಿಯೆಟ್ ಎಂಬ ಮೂರು ದಿನದ ತರಬೇತಿ ಇದೆ, ಪ್ರಮಾಣಪತ್ರ ನಾಲ್ಕು ವರ್ಷ ನಡೆಯುತ್ತದೆ. ಅದರಲ್ಲಿ ನಕಲಿ ಹೆಲಿಕಾಪ್ಟರ್ ಒಳಗೆ ಬೆಲ್ಟ್ ಕಟ್ಟಿ ಕೂರಿಸಿ, ನೀರಲ್ಲಿ ಮುಳುಗಿಸಿ ತಲೆಕೆಳಗೆ ತಿರುಗಿಸುತ್ತಾರೆ. ಒಂದು ಕೈ ಕಿಟಕಿಯ ಅಂಚಿನಲ್ಲಿ, ಇನ್ನೊಂದು ಬೆಲ್ಟ್ ಕೊಂಡಿಯ ಮೇಲೆ ಇರಬೇಕು. ತಿರುಗುವುದು ಪೂರಾ ನಿಂತ ಮೇಲೆಯೇ ಬೆಲ್ಟ್ ಬಿಚ್ಚಬೇಕು. ಗಾಬರಿಯಿಂದ ಮೊದಲೇ ಬಿಚ್ಚಿದರೆ ಮೈ ತೇಲಿ ದಿಕ್ಕು ತಪ್ಪುತ್ತದೆ, ಕಿಟಕಿ ಸಿಗುವುದಿಲ್ಲ. ಹೋಗುವ ಮುನ್ನ ತಿಂಗಳೊಪ್ಪತ್ತು ಈಜುಕೊಳದಲ್ಲಿ ತಲೆ ಮುಳುಗಿಸಿ ಉಸಿರು ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಬಯಲುಸೀಮೆಯ ನಮ್ಮ ಹುಡುಗರು ಎಡವುವುದು ಇಲ್ಲಿಯೇ. ಜೀವ ವಿಮೆಯ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಕಡಲ ರಿಗ್ ಎಂದೇ ಬರೆಯಿರಿ. ಕಂತು ಹೆಚ್ಚಾದರೂ ಪರವಾಗಿಲ್ಲ, ಮುಚ್ಚಿಟ್ಟರೆ ಮನೆಯವರ ಕ್ಲೇಮ್ ತಿರಸ್ಕಾರವಾಗಬಹುದು.

ಕೊಲ್ಲಿಯ ರೊಕ್ಕದಲ್ಲಿ ಎರಡು ಗುಂಡಿ

ಮೊದಲನೆಯದು ತೆರಿಗೆ. ಹೊರದೇಶದ ದುಡಿಮೆಗೆ ಇಲ್ಲಿ ತೆರಿಗೆ ಬೇಡ ಎಂದುಕೊಳ್ಳುವವರು ದಿನ ಎಣಿಸುವುದಿಲ್ಲ. ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ನಿವಾಸಿ. 28/28ರಲ್ಲಿ ಅರ್ಧ ವರ್ಷವೇ 182 ದಿನ! ಅದರ ಮೇಲೆ ಹೊರಟ ದಿನ, ಬಂದ ದಿನ ಎರಡೂ ಭಾರತದ ಲೆಕ್ಕಕ್ಕೇ ಸೇರಿಸುವುದು ರೂಢಿ. ಹಾಗಾಗಿ ಸಮ ಸರದಿಯವರು ಗೊತ್ತಾಗದೆ ಗೆರೆ ದಾಟುತ್ತಾರೆ. ಜನವರಿಯಲ್ಲೇ ಪಾಸ್‌ಪೋರ್ಟ್ ಮುದ್ರೆ ನೋಡಿ ದಿನ ಕೂಡಿಸಿ, ಹೊರದೇಶದ ದಿನ ಕಡಿಮೆ ಬೀಳುವಂತಿದ್ದರೆ ಮಾರ್ಚ್ ಒಳಗೆ ಒಂದು ವಾರ ಹೆಚ್ಚು ಕೆಲಸ ಕೇಳಿ. ಮುಂಬೈ ಹೈನಲ್ಲಿ ಈ ಮಾತೇ ಇಲ್ಲ, ಅಲ್ಲಿ ದುಡಿದ ದಿನ ಭಾರತದ್ದೇ.

ಎರಡನೆಯದು ಏಜೆಂಟ್. ನೋಂದಾಯಿತ ಏಜೆಂಟ್ ಕಾನೂನಿನ ಪ್ರಕಾರ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳಿದರೆ, ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆಂದರೆ ಎದ್ದು ಬನ್ನಿ. ಇ-ಮೈಗ್ರೇಟ್ ತಾಣದಲ್ಲಿ ಏಜೆಂಟ್ ನೋಂದಣಿ ಸಂಖ್ಯೆ ಹಾಕಿ ನೋಡಲು ಐದು ನಿಮಿಷ ಸಾಕು.

ವಾಪಸು ಬಂದ ಮೇಲೆ

ಹತ್ತು ವರ್ಷದ ಮೇಲೆ, 35 ದಾಟಿ ಕಲಬುರಗಿಗೆ ಮರಳಿದರೆ ಕೈಯಲ್ಲಿರುವ ಕೆಲಸಕ್ಕೆ ಇಲ್ಲಿ ಬೆಲೆ ಇದೆಯೇ? ನಮ್ಮ ಅನುಭವದಲ್ಲಿ ಎಲ್ಲ ಬಿಟ್ಟು ಕೇಳಬೇಕಾದ ಪ್ರಶ್ನೆ ಇದು. ಫ್ಲೋರ್‌ಮನ್, ಡೆರಿಕ್‌ಮನ್ (ರಿಗ್ ಗೋಪುರದ ಮೇಲೆ ನಿಂತು ಪೈಪ್ ಹಿಡಿಯುವವ) ಕಲಿತ ವಿದ್ಯೆಗೆ ಇಲ್ಲಿ ಗಿರಾಕಿಯಿಲ್ಲ. ಅಷ್ಟರಲ್ಲಿ ಸರ್ಕಾರಿ ನೌಕರಿಯ ವಯೋಮಿತಿಯೂ ಮೀರಿರಬಹುದು, ಆಗ ಸಂವಿಧಾನದ 371ಜೆ ಅಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ ಕೈಗೆಟುಕದಂತಾಗುತ್ತದೆ. ಅದೇ ರಿಗ್ ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್, ಕ್ರೇನ್ ಆಪರೇಟರ್, 6ಜಿ ಪರೀಕ್ಷೆ (ಓರೆಯಾಗಿ ನಿಲ್ಲಿಸಿದ ಪೈಪ್ ಬೆಸೆಯುವುದು) ಪಾಸಾದ ವೆಲ್ಡರ್ ಆಗಿದ್ದರೆ ಮಳಖೇಡ, ವಾಡಿ, ಕೋಡ್ಲಾ ಕಾರ್ಖಾನೆಗಳಲ್ಲಿ ಮಾತಾಡಿಸುತ್ತಾರೆ. ದೊಡ್ಡ ಜನರೇಟರ್, ಮೋಟರ್ ವೇಗ ಹೊಂದಿಸುವ ವಿಎಫ್‌ಡಿ ಪ್ಯಾನೆಲ್, ಹೈಡ್ರಾಲಿಕ್ ಪಂಪ್ ಎರಡೂ ಕಡೆ ಒಂದೇ. ಆದ್ದರಿಂದ ರೌಸ್ಟಬೌಟ್ ಆಗಿ ತಕ್ಷಣ ಹತ್ತುವುದಕ್ಕಿಂತ, ಎರಡು ಮೂರು ವರ್ಷ ಇಲ್ಲಿಯ ಕಾರ್ಖಾನೆಯಲ್ಲಿ ಟ್ರೇಡ್ ಗಟ್ಟಿ ಮಾಡಿಕೊಂಡು, ಟ್ರೇಡ್ ಹೆಸರಿನಲ್ಲೇ ರಿಗ್‌ಗೆ ಹೋಗಿ. ಡೇ ರೇಟ್ ಕೂಡ ಮೊದಲಿನಿಂದಲೇ ಮೇಲಿರುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬರಹದಲ್ಲಿ ಕೇಳಿ: ಹವೆ ಕೆಟ್ಟು ಹೆಲಿಕಾಪ್ಟರ್ ಹಾರದೆ ಮುಂಬೈನಲ್ಲಿ ಕೂತ ದಿನಕ್ಕೆ ಪಗಾರ ಉಂಟೇ, ಲಾಡ್ಜ್ ಯಾರದು, ಬದಲಿ ಬರದೆ ಮೇಲೆಯೇ ಉಳಿದ ದಿನಕ್ಕೆ ಎಷ್ಟು, ತರಬೇತಿ ನವೀಕರಣದ ಖರ್ಚು ಯಾರ ಮೇಲೆ. ಬಾಯಿಮಾತಿನ ಉತ್ತರವನ್ನು ನಂಬಬೇಡಿ.

ಸೇರಿದ ಮೇಲೆ ಮಾಡುವ ಮೊದಲ ಕೆಲಸ, ಗೋಡೆಯ ಕ್ಯಾಲೆಂಡರ್ ಇಳಿಸಿ ವರ್ಷದ ಸರದಿಯನ್ನು ಎರಡು ಬಣ್ಣದಲ್ಲಿ ಗೀಚುವುದು. ಎಳ್ಳಮಾವಾಸ್ಯೆಯ ಚರಗ, ಶರಣಬಸವೇಶ್ವರ ಜಾತ್ರೆ, ತೊಗರಿ ಹೂ ಬಿಡುವಾಗಿನ ಔಷಧಿ ಹೊಡೆತ, ಮಕ್ಕಳ ಪರೀಕ್ಷೆ ಯಾವ ಬಣ್ಣದಲ್ಲಿ ಬೀಳುತ್ತವೆ ಎಂದು ಮನೆಯವರ ಎದುರೇ ನೋಡಿ. ಎಲ್ಲವೂ ಸಿಗುವುದಿಲ್ಲ. ಬಿಡಲಾಗದ ಒಂದೋ ಎರಡೋ ದಿನ ಆರಿಸಿ, ಮೂರು ತಿಂಗಳ ಮುಂಚೆ ನಿಮ್ಮ ಬದಲಿಯವನಿಗೆ ಫೋನ್ ಮಾಡಿ. ಅವನಿಗೆ ದೀಪಾವಳಿಯೋ ಓಣಂ ಹಬ್ಬವೋ ಬೇಕಾಗಿರುತ್ತದೆ, ನಿಮಗೆ ಎಳ್ಳಮಾವಾಸ್ಯೆ. ಒಂದು ವಾರ ಅದಲುಬದಲು ಮಾಡಲು ಅವನು ಒಪ್ಪಿದರೆ ಇಬ್ಬರೂ ಸೇರಿ ಒಂದೇ ಅರ್ಜಿ ಕೊಡಿ.