ನೆಕ್‌ಬ್ಯಾಂಡ್ ಹಳೇದಾಯ್ತಂತೆ, ಆಗಲಿ ಬಿಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೆಕ್‌ಬ್ಯಾಂಡಿಗೆ, ಅಂದರೆ ಕೊರಳಿಗೆ ಹಾಕಿಕೊಳ್ಳುವ ಬ್ಲೂಟೂತ್ ಇಯರ್‌ಫೋನಿಗೆ. ಕೊರಳಿಗೆ ಒಂದು ರಬ್ಬರ್ ಪಟ್ಟಿ, ಎರಡೂ ಕಡೆ ಗೇಣುದ್ದ ವೈರು, ತುದಿಗೆ ಕಿವಿಗೆ ಸಿಕ್ಕಿಸುವ, ಮ್ಯಾಗ್ನೆಟ್ ಇರುವ ಗುಂಡಿ. ಕೆಲವು ವರ್ಷದ ಹಿಂದೆ ಯಾರ ಕೊರಳಲ್ಲಿ ನೋಡಿದರೂ ಇದೇ ಇತ್ತು. ಈಗ ಹುಬ್ಬಳ್ಳಿ ಕೊಪ್ಪಿಕರ್ ರೋಡಿನಲ್ಲಿ ಕೇಳಿದರೆ ಮೂಲೆಯ ಹುಕ್ಕಿಗೆ ತೂಗುಹಾಕಿದ ನಾಲ್ಕೈದು ಪೀಸು ತೋರಿಸುತ್ತಾರೆ. ಅದೂ ಒಲ್ಲದ ಮನಸ್ಸಿನಿಂದ. "ಸರ, ಇದನ್ಯಾಕ ತಗೋತೀರಿ, ಬಡ್ಸ್ ನೋಡ್ರಿ." ಗಾಜಿನ ಕಪಾಟಿನ ತುಂಬ ಸೋಪಿನ ಡಬ್ಬಿಯಂಥ ಪುಟ್ಟ ಕೇಸುಗಳು. ಅಕ್ಕನ ಮಗಳು ಇನ್ನೂ ನೇರವಾಗಿ ಹೇಳಿದಳು: "ಮಾಮಾ, ಇದನ್ನ ಈಗ ಯಾರ ಹಾಕ್ಕೋತಾರ?"

ನಾನು ಹಾಕಿಕೊಳ್ಳುತ್ತೇನೆ. ಸುಮ್ನೆ ಹಟಕ್ಕೆ ಅಲ್ಲ. ವೈರಿನ ಇಯರ್‌ಫೋನ್, ವೈರೇ ಇಲ್ಲದ ಬಡ್ಸ್, ನೆಕ್‌ಬ್ಯಾಂಡ್, ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವುದು.

ನನ್ನ ದಿನಚರಿ ಹೇಳಿದರೆ ಕಾರಣ ಅರ್ಥ ಆಗುತ್ತದೆ. ಮನೆ ಧಾರವಾಡದಲ್ಲಿ. ಲೆಕ್ಕ ಬರೆಯುವ ಕೆಲಸ ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ, ಅಂದರೆ ನಮ್ಮ ಅವಳಿ ನಗರದ ಬಿಆರ್‌ಟಿಎಸ್ ಬಸ್ಸು ಹತ್ತಿದರೆ ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿಯುತ್ತೇನೆ. ಬೆಳಿಗ್ಗೆ ಸೀಟು ಸಿಗುತ್ತದೆ, ಸಂಜೆ ನಿಂತೇ ಬರುವುದು ಜಾಸ್ತಿ. ದಾರಿಯುದ್ದಕ್ಕೂ ಕಿವಿಗೆ ಬೇಕಾದದ್ದು ಎರಡೇ. ಮಲ್ಲಿಕಾರ್ಜುನ ಮನಸೂರರ ಹಳೇ ರೆಕಾರ್ಡಿಂಗು, ಮತ್ತು ಅವ್ವನ ಫೋನು. ಅವ್ವ ಫೋನು ಮಾಡಿದರೆ ಉಣಕಲ್ಲಿನಲ್ಲಿ ಶುರುವಾದ ಮಾತು ಸತ್ತೂರು ದಾಟಿದರೂ ಮುಗಿಯುವುದಿಲ್ಲ. ಬಜೆಟ್ಟು 1,500 ರೂಪಾಯಿ ಒಳಗೆ. ಹತ್ತು ಸಾವಿರದ ಬಡ್ಸ್ ಬಗ್ಗೆ ನನ್ನನ್ನು ಕೇಳಬೇಡಿ.

ಮೊದಲು ವೈರಿನ ಇಯರ್‌ಫೋನ್. ಇದರ ಮೇಲೆ ನನಗೆ ಇವತ್ತಿಗೂ ಪ್ರೀತಿ. ಚಾರ್ಜ್ ಬೇಡ, ಜೋಡಣೆ ಬೇಡ, ಪಿನ್ನು ಚುಚ್ಚಿದರೆ ಮುಗೀತು. 500 ರೂಪಾಯಿಯ ವೈರಿನಲ್ಲಿ ಬರುವ ತಂಬೂರಿಯ ಝೇಂಕಾರ ಮೂರು ಪಟ್ಟು ಬೆಲೆಯ ಬ್ಲೂಟೂತ್‌ನಲ್ಲೂ ನನಗೆ ಸಿಕ್ಕಿಲ್ಲ. ಫೋನಿನ ಎಫ್ಎಂ ರೇಡಿಯೋಕ್ಕೂ ಆ ವೈರೇ ಆಂಟೆನಾ. ಈಗ ಕಾಲೇಜು ಹುಡುಗರು ಮತ್ತೆ ವೈರು ಹಾಕಿಕೊಂಡು ಓಡಾಡುತ್ತಿದ್ದಾರೆ, ಅದೇ ಸ್ಟೈಲಂತೆ. ಒಳ್ಳೇದು. ಆದರೆ ಅದರ ಪಿನ್ನು ಚುಚ್ಚಲು ಈಗಿನ ಫೋನಿನಲ್ಲಿ ತೂತು ಎಲ್ಲಿದೆ?

ಆ 3.5 ಎಂಎಂ ಪಿನ್ನು ಸಣ್ಣ ಆಸಾಮಿಯಲ್ಲ. ಹಿಂದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳು ಒಂದು ಲೈನಿನಿಂದ ತೆಗೆದು ಇನ್ನೊಂದಕ್ಕೆ ಚುಚ್ಚುತ್ತಿದ್ದ ದಪ್ಪ ಪಿನ್ನಿನ ಮರಿ ಅದು. ಟ್ರಾನ್ಸಿಸ್ಟರ್ ರೇಡಿಯೋ, 1979ರ ವಾಕ್‌ಮನ್, ಆಮೇಲೆ ಮೊಬೈಲು, ಎಲ್ಲದರಲ್ಲೂ ಬಾಳಿತು. 2016ರಲ್ಲಿ ಐಫೋನ್ 7 ಅದನ್ನು ತೆಗೆದುಹಾಕಿತು. ಉಳಿದ ಕಂಪನಿಗಳು ಮೊದಲು ನಕ್ಕವು, ಆಮೇಲೆ ಒಂದೊಂದಾಗಿ ಅದೇ ದಾರಿ ಹಿಡಿದವು. ನನ್ನ ಹೊಸ ಫೋನಿನಲ್ಲೂ ಇರುವುದು ಒಂದೇ ತೂತು, ಸಿ ಟೈಪ್. ಚಾರ್ಜಿಗೂ ಅದೇ, ಹಾಡಿಗೂ ಅದೇ.

ಇನ್ನು ಕನೆಕ್ಟರಿನ ಕಥೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

ಹಳೇ ಇಯರ್‌ಫೋನು ಹೊಸ ಫೋನಿಗೆ ಹಾಕಲು ಬೆರಳುದ್ದದ ಒಂದು ಕನೆಕ್ಟರ್ ಸಿಗುತ್ತದೆ. ಒಂದು ತುದಿ ಸಿ ಟೈಪ್, ಇನ್ನೊಂದು ತುದಿಗೆ 3.5 ಎಂಎಂ ತೂತು. ಅಂಗಡಿಯವನು 100 ರೂಪಾಯಿ ಅಂದ. "ಎಲ್ಲಾ ಫೋನಿಗೂ ನಡಿತೈತಿ ತಗೋರಿ." ತನ್ನ ಫೋನಿಗೇ ಚುಚ್ಚಿ ಹಾಡು ಕೇಳಿಸಿದ. ಚೆನ್ನಾಗೇ ಕೇಳಿಸಿತು. ಮರುದಿನ ಚಿಗರಿಯಲ್ಲಿ ನನ್ನ ಫೋನಿಗೆ ಚುಚ್ಚಿ ಪ್ಲೇ ಒತ್ತಿದೆ. ಕಿವಿಯಲ್ಲಿ ಏನೂ ಇಲ್ಲ. ಹಾಡು ಫೋನಿನ ಸ್ಪೀಕರಿನಿಂದ ಇಡೀ ಬಸ್ಸಿಗೆ! ಎದುರಿನ ಸೀಟಿನ ಅಜ್ಜಾರು ತಿರುಗಿ ನೋಡಿ "ಚಲೋ ಐತಿ, ಹಚ್ಚು" ಅಂದರು. ಉಳಿದವರ ಮುಖ ಹಾಗಿರಲಿಲ್ಲ.

ಇಯರ್‌ಫೋನು ಸರಿ, ಫೋನೂ ಸರಿ. ಕನೆಕ್ಟರ್ ಕೂಡ ಕೆಟ್ಟಿಲ್ಲ. ಹಾಗಾದರೆ ತಕರಾರು ಎಲ್ಲಿ?

ಫೋನಿನ ಒಳಗೆ ಹಾಡು ಅಂಕಿಗಳ ರೂಪದಲ್ಲಿ ಇರುತ್ತದೆ. ಇಯರ್‌ಫೋನಿಗೆ ಬೇಕಾದದ್ದು ಏರಿಳಿಯುವ ವಿದ್ಯುತ್ತು. ನಡುವೆ ಅಂಕಿಯನ್ನು ವಿದ್ಯುತ್ತಾಗಿ ಬದಲಿಸುವ ಒಂದು ಚಿಪ್ ಬೇಕು, ಅದಕ್ಕೆ ಡಿಎಸಿ ಅಂತಾರೆ. ತೂತು ಇದ್ದ ಫೋನುಗಳಲ್ಲಿ ಆ ಕೆಲಸ ಫೋನಿನ ಒಳಗೇ ನಡೆಯುತ್ತಿತ್ತು. ತೂತು ಹೋದ ಮೇಲೆ ಫೋನುಗಳಲ್ಲಿ ಎರಡು ಜಾತಿ ಆದವು. ಒಂದು ಜಾತಿಯ ಫೋನು ಒಳಗೇ ಬದಲಿಸಿ ಸಿ ಟೈಪ್ ತೂತಿನಿಂದ ಹೊರಗೆ ಕಳಿಸುತ್ತದೆ. ಅದಕ್ಕೆ ಬರೀ ತಂತಿಯ ಅಗ್ಗದ ಕನೆಕ್ಟರ್ ಸಾಕು. ಇನ್ನೊಂದು ಜಾತಿಯದು ಅಂಕಿಯನ್ನು ಹಾಗೇ ಹೊರಗೆ ಬಿಡುತ್ತದೆ, ಬದಲಿಸುವುದು ಕನೆಕ್ಟರಿನ ಕೆಲಸ. ಹಾಗಾಗಿ ಚಿಪ್ಪು ಕನೆಕ್ಟರಿನ ಒಳಗೇ ಇರಬೇಕು. ಅಂಗಡಿಯವನ ಫೋನು ಮೊದಲನೇ ಜಾತಿ, ನನ್ನದು ಎರಡನೇದು. ಹೊರಗಿನಿಂದ ನೋಡಿದರೆ ಎರಡೂ ಕನೆಕ್ಟರ್ ಒಂದೇ ಥರ. ಬಿಳಿ ವೈರು, ಅದೇ ಉದ್ದ, ಅದೇ ಪ್ಲಾಸ್ಟಿಕ್ ಕವರು. ಕವರಿನ ಮೇಲೆ "ಹೈ ಕ್ವಾಲಿಟಿ" ಅಂತ ಇರುತ್ತದೆಯೇ ಹೊರತು ಚಿಪ್ಪಿನ ಮಾತಿಲ್ಲ.

ವಾಪಸ್ ಹೋಗಿ "ಡಿಎಸಿ ಇರೋದು ಕೊಡ್ರಿ" ಅಂದೆ. "ಡಿಸಿ ಏನ್ರಿ ಸರ? ಇದು ಚಾರ್ಜರ್ ಅಲ್ಲ." ಅವನ ತಪ್ಪೂ ಅಲ್ಲ ಬಿಡಿ, ಡಜನ್ ಲೆಕ್ಕದಲ್ಲಿ ಬರುವ ಮಾಲು. ಕಡೆಗೆ ಬೇರೆ ಕಡೆ ಚಿಪ್ಪಿರುವ ಕನೆಕ್ಟರ್ ಸಿಕ್ಕಿತು. ಬೆಲೆ ನನ್ನ ಇಯರ್‌ಫೋನಿನಷ್ಟೇ ಆಯಿತು. ಧ್ವನಿ ಬಂತು, ಚೆನ್ನಾಗೂ ಬಂತು. ಆದರೆ ಫೋನು ಜೇಬಿಗೆ ಹಾಕಿದರೆ ಆ ಕನೆಕ್ಟರಿನ ಬುಡ ಹೊರಗೆ ಚಾಚಿಕೊಂಡು ಬಗ್ಗುತ್ತದೆ. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಕರಕರ ಸದ್ದು. ಸ್ವಲ್ಪ ಅಲುಗಿದರೆ ಫೋನು "ಇಯರ್‌ಫೋನ್ ತೆಗೆದರು" ಅಂದುಕೊಂಡು ಹಾಡು ನಿಲ್ಲಿಸುತ್ತದೆ. ಹಾಡು ಕೇಳುತ್ತ ಚಾರ್ಜ್ ಹಾಕುವ ಹಾಗಿಲ್ಲ. ಸಂಜೆಯ ಚಿಗರಿಯಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಬ್ಯಾಗಿಗೆ. ಜೇಬಿನ ಪಿನ್ನು ಸರಿಮಾಡಲು ಮೂರನೇ ಕೈ ಎಲ್ಲಿಂದ ತರಲಿ?

ಹೊಸದಾಗಿ ವೈರು ಕೊಳ್ಳುವವರು ನೇರವಾಗಿ ಸಿ ಟೈಪ್ ಪಿನ್ನಿನ ಇಯರ್‌ಫೋನನ್ನೇ ತಗೊಳ್ಳಿ, ಅಂಗಡಿಯಲ್ಲಿ ನಿಮ್ಮದೇ ಫೋನಿಗೆ ಚುಚ್ಚಿ ನೋಡಿ. ಹಳೇದು ಬಳಸುವವರು ಪಿನ್ನಿನ ಮೇಲಿನ ಗೆರೆ ಎಣಿಸಿ. ಮೂರು ಗೆರೆ ಇದ್ದರೆ ಸಾಮಾನ್ಯವಾಗಿ ಮೈಕ್ ಇದೆ ಅಂತ ಲೆಕ್ಕ. ಎರಡಿದ್ದರೆ ಬರೀ ಕೇಳಲಿಕ್ಕೆ.

ಈಗ ಬಡ್ಸ್. ಆಫೀಸಿನಲ್ಲಿ ದೀಪಾವಳಿಗೆ ಕೊಟ್ಟ ಜೋಡಿ ಅದು. ನೋಡಲು ಲಕ್ಷಣವಾಗಿದೆ, ಕೇಸು ಮುಚ್ಚುವಾಗ ಬರುವ ಟಕ್ ಅನ್ನುವ ಸದ್ದೇ ಒಂದು ಖುಷಿ. ಮನೆಯಲ್ಲಿ ಕೂತು ಕೇಳಲು ಏನೂ ತೊಂದರೆ ಇಲ್ಲ.

ಡಬ್ಬಿಯ ಮೇಲೆ ದೊಡ್ಡದಾಗಿ ಇಎನ್‌ಸಿ ಅಂತ ಇತ್ತು. ಹಾಕಿಕೊಂಡರೆ ಬಸ್ಸಿನ ಗದ್ದಲ ಕೇಳಿಸುವುದಿಲ್ಲ ಅಂತ ಜೊತೆಯವರೆಲ್ಲ ನಂಬಿದ್ದರು. ಇಎನ್‌ಸಿ ಮಾಡುವುದು ಬೇರೆ ಕೆಲಸ. ನೀವು ಮಾತಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಹೋಗದ ಹಾಗೆ ತಡೆಯುವುದು. ನಿಮ್ಮ ಕಿವಿಗೆ ಬೀಳುವ ಗದ್ದಲ ಕಡಿಮೆ ಮಾಡುವುದು ಎಎನ್‌ಸಿ. ಒಂದೇ ಅಕ್ಷರದ ವ್ಯತ್ಯಾಸ, ಬೆಲೆಯಲ್ಲಿ ಸಾಕಷ್ಟು ವ್ಯತ್ಯಾಸ. ನನ್ನ ಬಡ್ಸಿನ ಇಎನ್‌ಸಿ ಅದರ ಕೆಲಸವನ್ನಾದರೂ ಮಾಡಿತಾ ಅಂದರೆ, ಅವ್ವನ ಮಾತಲ್ಲೇ ಕೇಳಿ: "ಯಾಕೋ, ಬಾವ್ಯಾಗ ನಿಂತು ಮಾತಾಡಿದಂಗ ಕೇಳಸ್ತೈತಲ್ಲ?" ಮೈಕ್ ಇರುವುದು ಕಿವಿಯ ಹತ್ತಿರ, ಬಾಯಿಯಿಂದ ದೂರ. ಅಗ್ಗದ ಬಡ್ಸಿಗೆ ಇದು ದೊಡ್ಡ ಸಮಸ್ಯೆ.

ಇನ್ನೊಂದು, ಧೂಳು. ಹುಬ್ಬಳ್ಳಿ ಧೂಳಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಡಬ್ಬಿಯ ಮೇಲೆ ಐಪಿಎಕ್ಸ್4 ಅಂತ ಇದ್ದರೆ ನೀರು ಸಿಡಿದರೆ, ಬೆವರಿದರೆ ತಡೆಯುತ್ತದೆ ಅಂತ. ಧೂಳಿನ ಅಂಕಿ ಇರಬೇಕಾದ ಜಾಗದಲ್ಲಿ ಎಕ್ಸ್ ಇದೆ, ಅಂದರೆ ಧೂಳು ತಡೆಯುವ ಬಗ್ಗೆ ಅವರು ಏನೂ ಹೇಳುತ್ತಿಲ್ಲ. ಕೇಸಿನ ಒಳಗಿನ ಹಿತ್ತಾಳೆ ಬಣ್ಣದ ಚುಕ್ಕೆಗಳ ಮೇಲೆ ಕಿವಿಯ ಜಿಡ್ಡು ಮತ್ತು ಧೂಳು ಸೇರಿ ಒಂದು ಪದರ ಕೂರುತ್ತದೆ. ಆಗ ಎಡಗಡೆಯದು ಚಾರ್ಜ್ ಆಗುವುದಿಲ್ಲ. ಕೆಟ್ಟೇ ಹೋಯ್ತು ಅಂತ ಎಸೆಯಬೇಡಿ, ಒಣ ಬಟ್ಟೆಯಿಂದ ಒರೆಸಿದರೆ ಬಹಳ ಸಲ ಸರಿ ಆಗುತ್ತದೆ.

ನನ್ನದು ಸರಿಮಾಡುವ ಹಂತ ದಾಟಿತು. ಚಿಗರಿಯ ನಿಲ್ದಾಣಗಳು ರಸ್ತೆಯ ನಡುವೆ, ಬಾಗಿಲು ಬಲಗಡೆ. ಉಣಕಲ್ಲಿನಲ್ಲಿ ಒಬ್ಬರ ಬ್ಯಾಗಿನ ಪಟ್ಟಿ ಕಿವಿಗೆ ತಾಗಿತು. ಬಲಗಡೆಯ ಬಡ್ ಹಾರಿ ಬಸ್ಸಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಹೋಯಿತು. ಬಾಗಿಲು ಮುಚ್ಚಿತು. ಎಡಗಡೆಯದು ಇನ್ನೂ ಮನೆಯಲ್ಲಿದೆ, ಯಾರಿಗಾದರೂ ಬೇಕಾ?

ನೆಕ್‌ಬ್ಯಾಂಡಿನಲ್ಲಿ ಈ ಪ್ರಶ್ನೆಯೇ ಇಲ್ಲ. ಕಿವಿಯಿಂದ ಬಿದ್ದರೆ ಎದೆಯ ಮೇಲೆ ನೇತಾಡುತ್ತದೆ. "ಮುಂದಿನ ನಿಲ್ದಾಣ" ಅಂತ ಬಸ್ಸಿನಲ್ಲಿ ಕೂಗಿದಾಗ ಒಂದು ಗುಂಡಿ ಕಿತ್ತು ಬಿಟ್ಟರೆ ಸಾಕು, ಕೈಯಲ್ಲಿ ಹಿಡಿದುಕೊಳ್ಳಬೇಕಿಲ್ಲ. ನನ್ನ ನೆಕ್‌ಬ್ಯಾಂಡ್ ಫೋನು ಬಂದರೆ ಕೊರಳ ಹತ್ತಿರ ಗುಂಯ್ ಅಂತ ನಡುಗುತ್ತದೆ. ಆಫೀಸಿನಲ್ಲಿ ರಿಂಗು ಆರಿಸಿಟ್ಟಿದ್ದರೂ ಅವ್ವನ ಕರೆ ತಪ್ಪುವುದಿಲ್ಲ. ಮೈಕ್ ಇರುವುದು ಬಾಯಿಗೆ ಹತ್ತಿರದ ವೈರಿನ ಮೇಲೆ. ಬಾವಿಯ ದೂರು ನಿಂತಿದೆ.

ಬ್ಯಾಟರಿ ಲೆಕ್ಕ ಸರಳ. ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವುದರ ಅಳತೆ ಎಂಎಎಚ್. ಬಡ್ಸಿನ ಒಂದೊಂದು ಗುಂಡಿಯಲ್ಲಿ ಸಾಮಾನ್ಯವಾಗಿ ಇರುವುದು 30ರಿಂದ 50 ಎಂಎಎಚ್. ನೆಕ್‌ಬ್ಯಾಂಡಿನ ಪಟ್ಟಿಯಲ್ಲಿ ಜಾಗ ಜಾಸ್ತಿ, ಹಾಗಾಗಿ 150ಕ್ಕೂ ಮೇಲೆ ಇರುತ್ತದೆ. ಸಣ್ಣ ಬ್ಯಾಟರಿ ಪದೇ ಪದೇ ಖಾಲಿಯಾಗಿ ತುಂಬುತ್ತ ಬೇಗ ಸವೆಯುತ್ತದೆ. ನಾನು ಭಾನುವಾರ ಚಾರ್ಜ್ ಹಾಕುತ್ತೇನೆ, ಮತ್ತೆ ನೆನಪಾಗುವುದು ವಾರದ ನಡುವೆ.

ತಂಟೆಯೂ ಇದೆ. ಮ್ಯಾಗ್ನೆಟ್! ಎರಡು ಗುಂಡಿ ಅಂಟಿಸಿದರೆ ಹಾಡು ನಿಲ್ಲುತ್ತದೆ, ಬಿಡಿಸಿದರೆ ಶುರು. ಅನುಕೂಲವೇ. ಆದರೆ ನಮ್ಮ ಎಸ್ಟೇಟಿನಲ್ಲಿ ಅಕ್ಕಪಕ್ಕ ಎಲ್ಲ ಲೇತು, ಗ್ರೈಂಡಿಂಗು. ಬಿಲ್ ಹಿಡಿದುಕೊಂಡು ಶೆಡ್ಡಿಗೆ ಹೋಗಿಬಂದರೆ ಸಾಕು, ಗುಂಡಿಯ ಜಾಲರಿಗೆ ಸಣ್ಣ ಕಬ್ಬಿಣದ ಪುಡಿ ಮೀಸೆ ಬಿಟ್ಟಿರುತ್ತದೆ. ಊದಿದರೆ ಹೋಗುವುದಿಲ್ಲ. ಬ್ರಷ್ಷಿನಿಂದ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ಸೆಲ್ಲೋಟೇಪ್ ಅಂಟಿಸಿ ಎಳೆದರೆ ಮಾತ್ರ ಬರುತ್ತದೆ. ಟೇಪಿನ ಮೇಲೆ ಎದ್ದ ಕರಿ ಪುಡಿ ನೋಡಿದರೆ, ಇದು ಕಿವಿಗೆ ಹೋಗುತ್ತಿತ್ತಲ್ಲ ಅಂತ ಅನಿಸುತ್ತದೆ. ವರ್ಕ್‌ಶಾಪಿನವರು ಶೆಡ್ಡಿಗೆ ಹೋಗುವಾಗ ಜೇಬಿಗೆ ಹಾಕಿಕೊಳ್ಳಿ.

ಧ್ವನಿ? ಸಾಧಾರಣ. ಈ ಬೆಲೆಯವು ಡೊಳ್ಳಿನ ಸದ್ದನ್ನು ಬೇಕಂತಲೇ ಎತ್ತಿ ಕೊಡುತ್ತವೆ, ತಬಲಾದ ಎಡಗೈ ಅಡಿಯಲ್ಲಿ ತಂಬೂರಿ ಮುಚ್ಚಿಹೋಗುತ್ತದೆ. ಫೋನಿನ ಈಕ್ವಲೈಜರಿನಲ್ಲಿ ಬಾಸ್ ಇಳಿಸಿದರೆ ತಡೆಯಬಹುದು. ರಾತ್ರಿ ಮನೆಯಲ್ಲಿ ಮನಸೂರರನ್ನು ಕೇಳಬೇಕಾದರೆ ನಾನು ಆ ವೈರು, ಆ ಕನೆಕ್ಟರನ್ನೇ ಹುಡುಕುತ್ತೇನೆ. ಟೇಬಲ್ ಮೇಲೆ ಫೋನು ಅಲುಗದೆ ಕೂತಿರುತ್ತದೆ, ಕರಕರ ಇಲ್ಲ.

ಗೇಮ್ ಆಡುವವರಿಗೆ ಬಡ್ಸೂ ಬೇಡ, ನೆಕ್‌ಬ್ಯಾಂಡೂ ಬೇಡ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ಗುಂಡು ಬಿದ್ದ ಮೇಲೆ ಢಂ ಕೇಳಿಸುತ್ತದೆ. ಅವರಿಗೆ ವೈರೇ ಗತಿ. ಜಿಮ್ಮಿಗೆ ಹೋಗುವವರು, ಮಲಗಿ ಕೇಳುವವರು ಬಡ್ಸ್ ತಗೊಳ್ಳಲಿ, ಕೊರಳಿನ ಪಟ್ಟಿ ದಿಂಬಿಗೆ ಒತ್ತುತ್ತದೆ. ನನ್ನ ಹಾಗೆ ನಿಂತು ಪ್ರಯಾಣ ಮಾಡುವವರು, ಫೋನಿನಲ್ಲಿ ಜಾಸ್ತಿ ಮಾತಾಡುವವರು, ವಸ್ತು ಕಳೆದುಕೊಳ್ಳುವ ಚಾಳಿ ಇರುವವರು ಮೂಲೆಯ ಹುಕ್ಕಿನ ಕಡೆ ನೋಡಿ.

ಒಂದು ವಿಷಯ ಮಾತ್ರ ಗಮನಿಸಿ. ಅಂಗಡಿಗೆ ಹೊಸ ಮಾಲು ಬರುವುದು ಕಡಿಮೆ ಆಗಿರುವುದರಿಂದ ಹುಕ್ಕಿನ ಮೇಲಿನ ಪೀಸು ತುಂಬ ದಿನ ಅಲ್ಲೇ ನೇತಾಡಿರಬಹುದು. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಹಳೇದಾಗುತ್ತದೆ. ಡಬ್ಬಿಯ ಹಿಂದೆ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ, ಅದನ್ನು ನೋಡಿಯೇ ದುಡ್ಡು ಕೊಡಿ. ಚಾರ್ಜಿನ ತೂತು ಸಿ ಟೈಪ್ ಇರಲಿ. ಹಳೇ ಚಪ್ಪಟೆ ಮೈಕ್ರೋ ಪಿನ್ನಿನದು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಇನ್ನೊಂದು ತಗೊಂಡು ಬೀರುವಿನಲ್ಲಿ ಇಟ್ಟುಬಿಡೋಣ ಅಂತ ನನಗೂ ಅನಿಸಿತ್ತು, ಈ ಬ್ಯಾಟರಿ ಲೆಕ್ಕ ನೋಡಿ ಬಿಟ್ಟೆ. ಇದು ಕೆಡುವ ಹೊತ್ತಿಗೆ ಕೊಪ್ಪಿಕರ್ ರೋಡಿನಲ್ಲಿ ಏನು ಸಿಗುತ್ತದೋ ಆಗ ನೋಡಿಕೊಂಡರಾಯಿತು.