ಹಳೆಯ ಕಡತಗಳ ಪರಿವರ್ತನೆಗೆ ಲಿಬ್ರೆಆಫೀಸ್: ಒಂದು ಸಹಕಾರ ಸಂಘದ ಕಚೇರಿಯಿಂದ

ನಮ್ಮದು ಕೃಷಿ ಪತ್ತಿನ ಸಹಕಾರ ಸಂಘದ ಸಣ್ಣ ಕಚೇರಿ. ಆಡಳಿತ ಮಂಡಳಿಯ ನಡವಳಿ, ಸದಸ್ಯರ ಪಟ್ಟಿ, ಸಾಲದ ನೋಟಿಸು ಎಲ್ಲವೂ ಇಪ್ಪತ್ತು ವರ್ಷಗಳಿಂದ ವರ್ಡ್, ಎಕ್ಸೆಲ್‌ಗಳ ಹಳೆಯ ರೂಪಗಳಾದ ಡಾಕ್ ಮತ್ತು ಎಕ್ಸ್‌ಎಲ್‌ಎಸ್ ಕಡತಗಳಾಗಿಯೇ ಉಳಿದಿದ್ದವು. ಅವನ್ನು ಹೊಸ ರೂಪಕ್ಕೆ ತರಲು ಈ ವರ್ಷ ಲಿಬ್ರೆಆಫೀಸ್ ಬಳಸಿದೆವು. ಇದು ಪತ್ರ, ಲೆಕ್ಕದ ಹಾಳೆ ಮುಂತಾದ ಕಚೇರಿ ಕೆಲಸದ ಉಚಿತ ಮತ್ತು ಮುಕ್ತ ತಂತ್ರಾಂಶ, 2010ರಲ್ಲಿ ಓಪನ್‌ಆಫೀಸಿನಿಂದ ಕವಲೊಡೆದದ್ದು.

ಹಳೆಯ ಡಾಕ್ ಕಡತದ ತೊಂದರೆ ಬರೀ ಹಳತಾಗಿರುವುದಲ್ಲ. ಪಠ್ಯವಿರುವ ಕಡತದೊಳಗೇ ಮ್ಯಾಕ್ರೋ ಎಂಬ ಸಣ್ಣ ಪ್ರೋಗ್ರಾಮೂ ಅಡಗಿ ಕೂರಬಹುದು, ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವುದಿಲ್ಲ. 1999ರ ಮೆಲಿಸ್ಸಾ ವೈರಸ್ ಹರಡಿದ್ದು ಇದೇ ದಾರಿಯಲ್ಲಿ. 2007ರ ಮೈಕ್ರೋಸಾಫ್ಟ್ ಆಫೀಸಿನೊಂದಿಗೆ ಬಂದ ಡಾಕ್‌ಎಕ್ಸ್ ರೂಪದಲ್ಲಿ ಮ್ಯಾಕ್ರೋಗೆ ಜಾಗವೇ ಇಲ್ಲ, ಅದಕ್ಕೆ ಡಾಕ್‌ಎಂ ಎಂಬ ಬೇರೆ ಹೆಸರೇ ಬೇಕು. ಹಾಗೆಂದು ಡಾಕ್‌ಎಕ್ಸ್ ಆದೊಡನೆ ಎಲ್ಲ ಭಯ ತೀರಿತೆನ್ನಲಾಗದು. ಮ್ಯಾಕ್ರೋ ಇರುವ ಹೊರಗಿನ ಟೆಂಪ್ಲೇಟಿಗೆ, ಅಂದರೆ ಮಾದರಿ ಕಡತಕ್ಕೆ, ಕೊಂಡಿ ಅದರಲ್ಲೂ ಇರಬಹುದು.

ಮೊದಲು ಅಂತರ್ಜಾಲದ ಒಂದು ಉಚಿತ ಪರಿವರ್ತನೆ ತಾಣಕ್ಕೆ ನಾಲ್ಕು ಕಡತ ಏರಿಸಿದ್ದೆವು. ಸದಸ್ಯರ ಹೆಸರು, ಸಾಲದ ಮೊತ್ತ ಇರುವ ಪಟ್ಟಿ ಯಾರದೋ ಯಂತ್ರಕ್ಕೆ ಹೋಯಿತಲ್ಲ ಎಂಬ ಕಸಿವಿಸಿ ನನಗೆ ಇನ್ನೂ ಹೋಗಿಲ್ಲ. ಲಿಬ್ರೆಆಫೀಸಿನಲ್ಲಿ ಎಲ್ಲವೂ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ ಎಂಬುದೇ ನನ್ನ ಮಟ್ಟಿಗೆ ಅದರ ಮೊದಲ ಗುಣ.

ಫೈಲ್ ಮೆನುವಿನ ವಿಝಾರ್ಡ್ಸ್ ಅಡಿಯಲ್ಲಿರುವ ಡಾಕ್ಯುಮೆಂಟ್ ಕನ್ವರ್ಟರ್ ಇಡೀ ಫೋಲ್ಡರನ್ನು, ಒಳ ಫೋಲ್ಡರುಗಳ ಸಮೇತ, ಒಮ್ಮೆಗೇ ಪರಿವರ್ತಿಸುತ್ತದೆ. ಆದರೆ ಅದು ಕೊಡುವುದು ಲಿಬ್ರೆಆಫೀಸ್ ಸಾಮಾನ್ಯವಾಗಿ ಬಳಸುವ ಓಡಿಎಫ್ ಎಂಬ ಮುಕ್ತ ರೂಪವನ್ನು ಮಾತ್ರ. ಬ್ಯಾಂಕು, ಇಲಾಖೆಗಳಿಗೆ ಡಾಕ್‌ಎಕ್ಸ್ ಕಳಿಸಬೇಕಾದವರು ಕಿಟಕಿ ತೆರೆಯದೆ ಆದೇಶ ಟೈಪ್ ಮಾಡಿ ನಡೆಸುವ, ಕಮಾಂಡ್ ಸಾಲಿನ ಹೆಡ್‌ಲೆಸ್ ವಿಧಾನ ಹಿಡಿಯಬೇಕು. ಒಂದು ಸಾಲು ಬರೆದರೆ ಫೋಲ್ಡರಿನ ಕಡತಗಳೆಲ್ಲ ಬದಲಾಗುತ್ತವೆ. ಲಿಬ್ರೆಆಫೀಸಿನ ಬೇರೆ ಕಿಟಕಿಗಳನ್ನು ಮೊದಲು ಮುಚ್ಚಿರುವುದು ಒಳ್ಳೆಯದು. ಕೋಷ್ಟಕಗಳ ಅಂಚು ಅಲ್ಲಲ್ಲಿ ಸರಿದಿದ್ದನ್ನು ಕೈಯಿಂದ ಸರಿಪಡಿಸಿದೆವು. ಲೆಕ್ಕಪತ್ರಗಳ ಸೂತ್ರಗಳು ಹಾಗೆಯೇ ಉಳಿದವು. ಎಕ್ಸ್‌ಎಲ್‌ಎಸ್‌ನಲ್ಲಿ ಒಂದು ಹಾಳೆಗೆ 65,536 ಸಾಲುಗಳ ಮಿತಿ ಇತ್ತು, ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಅದು ಹತ್ತು ಲಕ್ಷ ದಾಟುತ್ತದೆ.

ಕನ್ನಡ ಕಚೇರಿಗಳಿಗೆ ನಿಜವಾದ ಕೆಲಸ ಇಲ್ಲಿಂದ ಮುಂದೆ ಶುರುವಾಗುತ್ತದೆ. ನಮ್ಮ ನಡವಳಿಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿವೆ. ಫಾಂಟ್ ತೆಗೆದು ನೋಡಿದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟುಳ್ಳ ಎ, ಪೌಂಡಿನ ಗುರುತು ಇತ್ಯಾದಿ ಕಾಣುತ್ತವೆ, ಏಕೆಂದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಡಾಕ್‌ಎಕ್ಸ್ ಆದ ಮೇಲೂ ಅದು ಹಾಗೆಯೇ ಇರುತ್ತದೆ: ಹೊದಿಕೆ ಹೊಸದು, ಒಳಗಿನ ಅಕ್ಷರ ಹಳೆಯದು. ಇದು ಲಿಬ್ರೆಆಫೀಸಿನ ದೋಷವಲ್ಲ, ಅದರ ವ್ಯಾಪ್ತಿಯ ಹೊರಗಿನ ಕೆಲಸ. ಆದರೆ ಪರಿವರ್ತನೆ ಮುಗಿಯಿತೆಂದು ಮೂಲ ಕಡತ ಅಳಿಸಿ, ಮುಂದೊಂದು ದಿನ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರ ಪಾಡು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ನುಡಿಯಿಂದ, ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ತರುವ ಪರಿವರ್ತಕವನ್ನು ಎರಡನೆಯ ಹಂತವಾಗಿ ಬಳಸಿದೆವು. ಇಲ್ಲಿ ಅರ್ಕಾವತ್ತಿನ ಮೇಲೆ ಕಣ್ಣಿಡಬೇಕು. ಹಳೆಯ ಕ್ರಮದಲ್ಲಿ ‘ವರ್ಷ’ ಎಂಬ ಪದದ ಅರ್ಕಾವತ್ತು ‘ಷ’ದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ‘ಷ’ಕ್ಕಿಂತ ಮೊದಲು ಬರಬೇಕು, ಈ ಸ್ಥಾನಪಲ್ಲಟ ತಪ್ಪಿದರೆ ಪದವೇ ಕೆಡುತ್ತದೆ. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ನುಡಿಯ ಅಕ್ಷರಗಳೆಂದೇ ಭಾವಿಸಿ ಅರ್ಥವಿಲ್ಲದ ಕನ್ನಡ ಮಾಡಿಬಿಡುವುದರಿಂದ, ಸರ್ವೆ ನಂಬರು, ಖಾತೆ ಸಂಖ್ಯೆಗಳ ಪಕ್ಕದ ಇಂಗ್ಲಿಷ್ ಅಕ್ಷರಗಳನ್ನು ಮುದ್ರಿತ ಪ್ರತಿಯೊಡನೆ ಒಂದೊಂದಾಗಿ ತಾಳೆ ನೋಡಿದೆವು. ನಮ್ಮ ಗುಮಾಸ್ತರಿಗೆ ಹೆಚ್ಚು ಸಮಯ ಹಿಡಿದದ್ದು ಈ ಕೆಲಸವೇ.

ಮೊದಲ ಹಂತಕ್ಕೆ ಲಿಬ್ರೆಆಫೀಸನ್ನು ಯಾವುದೇ ಸಂಘಕ್ಕೂ ಧೈರ್ಯವಾಗಿ ಹೇಳುತ್ತೇನೆ. ಮ್ಯಾಕ್ರೋ ಆಧಾರಿತ ಲೆಕ್ಕದ ಹಾಳೆಗಳಿರುವವರು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಎಕ್ಸೆಲ್‌ಗಾಗಿ ಬರೆದ ಮ್ಯಾಕ್ರೋಗಳು ಇದರಲ್ಲಿ ಪೂರ್ತಿ ಓಡುವುದಿಲ್ಲ. ಮೂಲ ಕಡತಗಳನ್ನು ನಾವು ಅಳಿಸಿಲ್ಲ, ಬೇರೆ ಡಿಸ್ಕಿನಲ್ಲಿ ಓದಲು ಮಾತ್ರ ಬರುವಂತೆ ಇಟ್ಟಿದ್ದೇವೆ. ಕಳೆದ ವಾರ ಹುಡುಕುವ ಕಿಟಕಿಯಲ್ಲಿ ‘ಬೆಳೆಸಾಲ’ ಎಂದು ಕನ್ನಡದಲ್ಲೇ ಟೈಪ್ ಮಾಡಿದಾಗ, ಇದುವರೆಗೆ ಪುಟ ತಿರುವಿಯೇ ಹುಡುಕುತ್ತಿದ್ದ 2004ರ ಠರಾವು ತೆರೆಯ ಮೇಲೆ ಬಂತು.