ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್: ಕಂಪ್ಯೂಟರ್ ಎದುರು ಆಡುವವರಿಗಾಗಿ ಒಂದು ವಿಮರ್ಶೆ

ಹಳ್ಳಿಗರಿಂದ ಸಂಪನ್ಮೂಲ ಕೂಡಿಸಿ, ಸೈನ್ಯ ಕಟ್ಟಿ, ಒಂದು ಯುಗದಿಂದ (ಏಜ್) ಇನ್ನೊಂದಕ್ಕೆ ಏರುತ್ತಾ ಎದುರಾಳಿಯನ್ನು ಸೋಲಿಸುವ ಸ್ಟ್ರಾಟಜಿ ಆಟ ಇದು. ಈ ಆಟದ ಬಗ್ಗೆ ಬರೆಯುವವರಲ್ಲಿ ಜಾಸ್ತಿ ಮಂದಿ ಆನ್‌ಲೈನ್ ರ‍್ಯಾಂಕಿಂಗ್ ಬಗ್ಗೆಯೇ ಬರೆಯುತ್ತಾರೆ. ನಾನು ಆ ಕಡೆ ಹೋಗುವುದು ಕಡಿಮೆ. ಕೆಲಸ ಮುಗಿದು, ಊಟವಾಗಿ, ರಾತ್ರಿ ಸ್ವಲ್ಪ ಹೊತ್ತು ಸಿಕ್ಕರೆ ಕಂಪ್ಯೂಟರ್ ಎದುರು ಒಂದು ಆಟ, ಅಷ್ಟೇ. ಮಧ್ಯೆ ಯಾರಾದರೂ ಬಾಗಿಲು ತಟ್ಟಿದರೆ ಆಟ ನಿಲ್ಲಿಸಿ ಎದ್ದು ಹೋಗಬಹುದು. ಎದುರಿಗೆ ಮನುಷ್ಯರಿದ್ದರೆ ಹಾಗೆ ಮಾಡೋಕಾಗಲ್ಲ. ನನ್ನ ಹಾಗೆ ಆಡುವವರು ಬಹಳ ಜನ ಇದ್ದಾರೆ ಅನ್ನಿಸುತ್ತದೆ. ಹಾಗಾಗಿ ಗ್ರಾಫಿಕ್ಸ್, ಸಂಗೀತ ಎಲ್ಲ ಬಿಟ್ಟು ಒಂದೇ ವಿಷಯ ಹೇಳುತ್ತೇನೆ. ಕಂಪ್ಯೂಟರ್ ಎದುರಾಳಿ ಹೇಗಿದೆ, ಅದರ ಮಟ್ಟಗಳನ್ನು ಹತ್ತುವುದು ಹೇಗೆ.

ಮೂಲ ಆಟ ಬಂದಿದ್ದು 1999ರಲ್ಲಿ. ಈ ಹೊಸ ಆವೃತ್ತಿ 2019ರ ನವೆಂಬರ್‌ನಲ್ಲಿ ಬಂತು. ಹಳೆಯದರಲ್ಲಿ ಐದು ಮಟ್ಟಗಳಿದ್ದವು: ಈಸಿಯೆಸ್ಟ್, ಸ್ಟ್ಯಾಂಡರ್ಡ್, ಮಾಡರೇಟ್, ಹಾರ್ಡ್, ಹಾರ್ಡೆಸ್ಟ್. ಇದರಲ್ಲಿ ಮೇಲೊಂದು ಎಕ್ಸ್‌ಟ್ರೀಮ್ ಸೇರಿದೆ. ಆದರೆ ದೊಡ್ಡ ಬದಲಾವಣೆ ಆರನೇ ಮಟ್ಟದ್ದಲ್ಲ. ಹಾಸ್ಟೆಲ್ ಲ್ಯಾನ್‌ನಲ್ಲೋ ಸೈಬರ್ ಕೆಫೆಯಲ್ಲೋ ಹಳೆಯ ಆಟ ಆಡಿದವರಿಗೆ ನೆನಪಿರಬಹುದು, ಹಾರ್ಡೆಸ್ಟ್ ಹಾಕಿದರೆ ಕಂಪ್ಯೂಟರ್‌ಗೆ ಪುಕ್ಕಟೆಯಾಗಿ ಹೆಚ್ಚುವರಿ ಸಂಪನ್ಮೂಲ ಸಿಗುತ್ತಿತ್ತು. ನಾವು ಕುರಿ ಹುಡುಕುತ್ತಾ ಅಲೆಯುವಾಗ ಅದರ ಉಗ್ರಾಣ ತಾನಾಗಿಯೇ ತುಂಬುತ್ತಿತ್ತು. ಹೊಸ ಎಐ, ಅಂದರೆ ಕಂಪ್ಯೂಟರ್ ಎದುರಾಳಿಯನ್ನು ಆಡಿಸುವ ಪ್ರೋಗ್ರಾಂ, ಆ ಮೋಸ ಮಾಡುವುದಿಲ್ಲ. ಎಕ್ಸ್‌ಟ್ರೀಮ್‌ನಲ್ಲೂ ನಿಮಗಿರುವಷ್ಟೇ ಮರ, ಅಷ್ಟೇ ಚಿನ್ನದಿಂದ ಅದು ಶುರು ಮಾಡುತ್ತದೆ. ಹಳೆಯ ಮೋಸಗಾರನೇ ಬೇಕು ಅಂದರೆ 1999ರ ಎಐಯನ್ನೂ ಪಟ್ಟಿಯಿಂದ ಆರಿಸಿಕೊಳ್ಳಬಹುದು, ಅದು ಬೇರೆ ಮಾತು.

ಇದು ಯಾಕೆ ಮುಖ್ಯ ಅಂದರೆ, ಎಲ್ಲ ಸ್ಟ್ರಾಟಜಿ ಆಟಗಳೂ ಹೀಗಿಲ್ಲ. ಸಿವಿಲೈಸೇಷನ್ 6ರಲ್ಲಿ ಡೀಟಿ ಅನ್ನುವ ಅತಿ ಕಷ್ಟದ ಮಟ್ಟ ಹಾಕಿ ನೋಡಿ. ನಿಮಗೆ ಊರು ಕಟ್ಟಲು ಒಂದು ಸೆಟ್ಲರ್, ಎದುರಾಳಿಗೆ ಮೂರು. ಅದರ ಮೇಲೆ ಉತ್ಪಾದನೆಯಲ್ಲಿ, ವಿಜ್ಞಾನದಲ್ಲಿ, ಕಾಳಗದಲ್ಲಿ ಎಲ್ಲ ಕಡೆ ಬೋನಸ್. ಅಲ್ಲಿ ಕಂಪ್ಯೂಟರ್ ಜಾಣ ಆಗುವುದಿಲ್ಲ, ಶ್ರೀಮಂತ ಆಗುತ್ತದೆ. ಅದೂ ಒಂದು ಬಗೆಯ ಮಜಾ, ಇಲ್ಲ ಅನ್ನಲ್ಲ. ಆದರೆ ಸೋತಾಗ ಎಲ್ಲಿ ಹಿಂದೆ ಬಿದ್ದೆವು ಅಂತ ಲೆಕ್ಕ ಹಾಕುವುದು ಕಷ್ಟ. ಇಲ್ಲಿ ಲೆಕ್ಕ ಪೈಸೆಪೈಸೆಗೂ ಸಿಗುತ್ತದೆ.

ಆ ಲೆಕ್ಕವನ್ನೇ ಸ್ವಲ್ಪ ಬಿಡಿಸೋಣ. ಮಾಮೂಲಿ ಆಟದಲ್ಲಿ ಮೂರು ವಿಲೇಜರ್ (ಕೆಲಸ ಮಾಡುವ ಹಳ್ಳಿಗರು), ಒಬ್ಬ ಸ್ಕೌಟ್ (ನಕ್ಷೆ ಸುತ್ತಿ ನೋಡುವವನು), 200 ಆಹಾರ, 200 ಮರ, 100 ಚಿನ್ನ, 200 ಕಲ್ಲು ಸಿಗುತ್ತದೆ. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡ್. ವಿಲೇಜರ್‌ಗಳು ಹುಟ್ಟುವ ಕಟ್ಟಡವಾದ ಟೌನ್ ಸೆಂಟರ್ ಒಂದು ಕ್ಷಣವೂ ಖಾಲಿ ಕೂರದೆ 18 ಜನರನ್ನು ಹೊರಗೆ ಬಿಟ್ಟರೆ 450 ಸೆಕೆಂಡ್. ವಿಲೇಜರ್‌ಗಳನ್ನು ಗಟ್ಟಿ ಮಾಡುವ ಲೂಮ್ ಅನ್ನುವ ಸುಧಾರಣೆಗೆ ಇನ್ನೊಂದು 25. ಅಂದರೆ ಎಂಟು ನಿಮಿಷಕ್ಕೆ ಐದು ಸೆಕೆಂಡ್ ಇರುವಾಗ ನಿಮ್ಮ ಹತ್ತಿರ 21 ವಿಲೇಜರ್ ಇರಬೇಕು, 500 ಆಹಾರ ಕೈಯಲ್ಲಿರಬೇಕು, ಫ್ಯೂಡಲ್ ಏಜ್ (ಎರಡನೇ ಯುಗ) ಒತ್ತಬೇಕು. ಅದು ಮುಗಿಯಲು 130 ಸೆಕೆಂಡ್. ಹತ್ತು ನಿಮಿಷ ದಾಟುವಾಗ ನೀವು ಫ್ಯೂಡಲ್‌ನಲ್ಲಿ ಇರುತ್ತೀರಿ. ಇದಕ್ಕಿಂತ ಬೇಗ ಹೋಗುವ ದಾರಿಗಳಿವೆ, ಆದರೆ ಸಾಧಾರಣ ಆಟಗಾರರಿಗೆ ಇದು ಒಳ್ಳೆಯ ಗುರಿ.

ಈಗ ನಿಮ್ಮದೇ ಒಂದು ಆಟ ಮುಗಿದ ಮೇಲೆ ಅಂಕಿಅಂಶದ ಪರದೆ ತೆಗೆಯಿರಿ. ಯಾರು ಯಾವ ನಿಮಿಷಕ್ಕೆ ಫ್ಯೂಡಲ್ ಮುಟ್ಟಿದರು, ಯಾವಾಗ ಕ್ಯಾಸಲ್ ಏಜ್ (ಮೂರನೇ ಯುಗ) ಅಂತ ಅಲ್ಲಿ ಪಕ್ಕಪಕ್ಕದಲ್ಲೇ ಇರುತ್ತದೆ. ಒಂದು ಹಂತದಲ್ಲಿ ಎಷ್ಟು ವಿಲೇಜರ್‌ಗಳು ಇದ್ದರು ಅನ್ನುವುದೂ ಸಿಗುತ್ತದೆ. ಹದಿನಾಲ್ಕನೇ ನಿಮಿಷಕ್ಕೆ ಫ್ಯೂಡಲ್ ಮುಟ್ಟಿದವರು ಹಾರ್ಡ್ ಮಟ್ಟದಲ್ಲಿ ಸೋತರೆ, ಅದಕ್ಕೆ ಶತ್ರುವಿನ ಸೈನ್ಯ ಕಾರಣವಲ್ಲ. ನಾಲ್ಕು ನಿಮಿಷ ಅಂದರೆ 240 ಸೆಕೆಂಡ್. ಅಷ್ಟರಲ್ಲಿ ಒಂಬತ್ತು ವಿಲೇಜರ್‌ಗಳು ಹುಟ್ಟುತ್ತಿದ್ದರು. ಆ ಒಂಬತ್ತು ಜನ ಕಡಿಯಬೇಕಿದ್ದ ಮರ, ಅಗೆಯಬೇಕಿದ್ದ ಚಿನ್ನ ಯಾವುದೂ ಬಂದಿಲ್ಲ. ಬಿಲ್ಲುಗಾರರು ಬಂದು ಹೊಡೆದಿದ್ದು ಆಮೇಲಿನ ಕಥೆ.

ಇಷ್ಟು ಗೊತ್ತಾದ ಮೇಲೆ ಕೆಲವರು ತಕ್ಷಣ ಹತ್ತು ವಿಲೇಜರ್‌ಗಳನ್ನು ಒಟ್ಟಿಗೆ ಕ್ಯೂ ಹಾಕಿ ನಿಶ್ಚಿಂತೆಯಾಗಿ ಕೂರುತ್ತಾರೆ. ಅದೂ ಸರಿಯಲ್ಲ. ಕ್ಯೂಗೆ ಹಾಕಿದ ಕ್ಷಣವೇ ಆಹಾರ ಕಟ್ ಆಗುತ್ತದೆ. ಹತ್ತು ಜನ ಅಂದರೆ 500 ಆಹಾರ, ಫ್ಯೂಡಲ್ ಏಜ್‌ನ ಪೂರ್ತಿ ಬೆಲೆ ಅಲ್ಲಿ ಸುಮ್ನೆ ಕೂತಿರುತ್ತದೆ. ಒಬ್ಬರೋ ಇಬ್ಬರೋ ಇದ್ದರೆ ಸಾಕು. ಹಾಗಂತ ಮರೆಯುವ ಹಾಗೂ ಇಲ್ಲ. ನಾರ್ಮಲ್ ವೇಗ ಅಂದರೆ 1.7 ಪಟ್ಟು, ಅಂದರೆ ಗಡಿಯಾರದಲ್ಲಿ ಸುಮಾರು ಹದಿನೈದು ಸೆಕೆಂಡಿಗೆ ಒಬ್ಬ ವಿಲೇಜರ್. ಒಲೆ ಮೇಲೆ ಹಾಲಿಟ್ಟ ಹಾಗೆ, ಕಣ್ಣು ಅತ್ತ ಇತ್ತ ಹೋಗುವಂತಿಲ್ಲ. ಕಾಡುಹಂದಿಯನ್ನು ಎಳೆದು ತರುವಾಗಲೂ, ಮನೆ ಕಟ್ಟುವಾಗಲೂ ಬೆರಳು ಮತ್ತೆ ಮತ್ತೆ ಎಚ್ ಕೀ ಕಡೆಗೇ ಹೋಗಬೇಕು. ಎಚ್ ಒತ್ತಿದರೆ ಟೌನ್ ಸೆಂಟರ್ ಸಿಗುತ್ತದೆ, ಕ್ಯೂ (Q) ಕೀ ಒತ್ತಿದರೆ ವಿಲೇಜರ್. ಈ ಎರಡು ಕೀಗಳನ್ನು ನೋಡದೆ ಒತ್ತಲು ಬಂದರೆ ಮಾಡರೇಟ್‌ನಿಂದ ಹಾರ್ಡ್‌ಗೆ ಅರ್ಧ ದಾರಿ ಆಯಿತು ಅಂತಲೇ ಲೆಕ್ಕ.

ಕಂಪ್ಯೂಟರ್‌ಗೆ ನಿಜವಾದ ಅನುಕೂಲ ಇರುವುದೂ ಇಲ್ಲೇ. ಮೋಸ ಮಾಡದಿದ್ದರೂ ಅದು ಏನನ್ನೂ ಮರೆಯುವುದಿಲ್ಲ. ನಕ್ಷೆಯ ಒಂದು ಮೂಲೆಯಲ್ಲಿ ಕಾಳಗ ನಡೆಯುತ್ತಿರುವಾಗಲೇ ಇನ್ನೊಂದು ಮೂಲೆಯಲ್ಲಿ ಅದರ ಮರಕಡಿಯುವವರಿಗೆ ಹೊಸ ಲಂಬರ್ ಕ್ಯಾಂಪ್ ಸಿದ್ಧ. ನಮಗೆ ಇರುವುದು ಒಂದೇ ಮೌಸ್. ಹಾಗಾಗಿ ಈ ಆಟದಲ್ಲಿ ಕೊಟ್ಟಿರುವ ಸಹಾಯಗಳನ್ನು ಸಂಕೋಚ ಇಲ್ಲದೆ ಬಳಸಿ. ಮಿಲ್‌ನಲ್ಲಿ ಹೊಲ ತಾನಾಗಿಯೇ ಮತ್ತೆ ಬಿತ್ತುವ ಗುಂಡಿ ಇದೆ. ಸ್ಕೌಟ್ ತಾನೇ ಸುತ್ತಾಡಿಕೊಂಡು ಬರುವ ಗುಂಡಿ ಇದೆ. ಶಿಫ್ಟ್ ಒತ್ತಿ ಹಿಡಿದು ಒಬ್ಬ ವಿಲೇಜರ್‌ಗೆ ಸಾಲಾಗಿ ಕೆಲಸ ಹೇಳಬಹುದು, ಮನೆ ಕಟ್ಟು, ಆಮೇಲೆ ಮರ ಕಡಿ ಅಂತ. ಕೆಲಸವಿಲ್ಲದೆ ನಿಂತವರನ್ನು ಹುಡುಕಲು ಪೂರ್ಣವಿರಾಮದ ಕೀ. ಹಳೆಯ ಆಟದ ಅಭಿಮಾನಿಗಳು ಇದನ್ನೆಲ್ಲ ಸೋಮಾರಿತನ ಅನ್ನುತ್ತಾರೆ. ಅನ್ನಲಿ ಬಿಡಿ.

ಮಟ್ಟಗಳ ನಡುವಿನ ಮೆಟ್ಟಿಲು ಸಮನಾಗಿಲ್ಲ, ನನ್ನ ದೊಡ್ಡ ತಕರಾರು ಇದೇ. ಸ್ಟ್ಯಾಂಡರ್ಡ್‌ನಿಂದ ಮಾಡರೇಟ್‌ಗೆ ಹೋದದ್ದು ಗೊತ್ತೇ ಆಗುವುದಿಲ್ಲ. ಮಾಡರೇಟ್‌ನಲ್ಲಿ ನೀವು ಆರಾಮಾಗಿ ಕ್ಯಾಸಲ್ ಏಜ್ ತಲುಪಿ, ಕೋಟೆ ಕಟ್ಟಿ, ಆಮೇಲೆ ಯೋಚಿಸಿದರೂ ನಡೆಯುತ್ತದೆ. ಹಾರ್ಡ್‌ಗೆ ಹೋದ ಕೂಡಲೇ ಆ ನೆಮ್ಮದಿ ಹೋಗುತ್ತದೆ. ಹಾರ್ಡೆಸ್ಟ್, ಎಕ್ಸ್‌ಟ್ರೀಮ್‌ನಲ್ಲಿ ಫ್ಯೂಡಲ್ ಆದ ಕೂಡಲೇ ಮರ ಕಡಿಯುವ ಜಾಗಕ್ಕೆ ಸ್ಕೌಟ್‌ಗಳೋ ಬಿಲ್ಲುಗಾರರೋ ಬಂದು ನಿಲ್ಲುತ್ತಾರೆ. ನೀವು ತಿರುಗಿ ಹೊಡೆಯಲು ಹೋದರೆ ಬಿಲ್ಲುಗಾರರು ಹಿಂದೆ ಸರಿದು ಮತ್ತೆ ಬಾಣ ಬಿಡುತ್ತಾರೆ. ನಿಮ್ಮ ಮ್ಯಾಂಗೊನೆಲ್ (ಕಲ್ಲೆಸೆಯುವ ಯಂತ್ರ) ಕಲ್ಲು ಹಾರಿಸಿದರೆ ಗುಂಪು ಒಡೆದು ಆಚೀಚೆ ಹೋಗುತ್ತದೆ. ಮೊದಲ ಸಲ ನೋಡಿದಾಗ ಎದುರಿಗೆ ಯಾರೋ ಕೂತಿದ್ದಾರೆ ಅನ್ನಿಸುವಷ್ಟು ಚೆನ್ನಾಗಿದೆ. ಇಷ್ಟೆಲ್ಲ ವ್ಯತ್ಯಾಸ ಇದ್ದರೂ ಮೆನುವಿನಲ್ಲಿರುವುದು ಬರೀ ಹೆಸರು. ಯಾವ ಮಟ್ಟದಲ್ಲಿ ಎದುರಾಳಿ ಯಾವಾಗ ಬರುತ್ತಾನೆ, ಏನು ಮಾಡುತ್ತಾನೆ ಅಂತ ಎರಡು ಸಾಲು ಬರೆದಿದ್ದರೆ ಹೊಸಬರಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಮಧ್ಯದಲ್ಲಿ ಸಿಕ್ಕಿಕೊಂಡವರಿಗೆ ನನ್ನ ಸಲಹೆ ಎಂದರೆ ಮಟ್ಟ ಇಳಿಸಬೇಡಿ, ವೇಗ ಇಳಿಸಿ. 1.0 ವೇಗದಲ್ಲಿ ಹಾರ್ಡೆಸ್ಟ್ ಆಡಿದರೆ ಎದುರಾಳಿಯ ಬುದ್ಧಿ ಪೂರ್ತಿ ಇರುತ್ತದೆ, ನಿಮ್ಮ ಕೈಗೆ ಮಾತ್ರ ಉಸಿರಾಡಲು ಸಮಯ ಸಿಗುತ್ತದೆ. ಕೈ ಹದವಾದ ಮೇಲೆ ವೇಗ ಏರಿಸಿಕೊಳ್ಳಿ. ಮಟ್ಟ ಇಳಿಸಿದರೆ ಗೆಲ್ಲುತ್ತೀರಿ, ಆದರೆ ಟೌನ್ ಸೆಂಟರ್ ಖಾಲಿ ಬಿಡುವ ಚಾಳಿ ಹಾಗೇ ಉಳಿಯುತ್ತದೆ. ಆಟದ ಒಳಗೇ ಆರ್ಟ್ ಆಫ್ ವಾರ್ ಅಂತ ಒಂದಷ್ಟು ಅಭ್ಯಾಸದ ಪಾಠಗಳಿವೆ, ಕಂಚು, ಬೆಳ್ಳಿ, ಚಿನ್ನದ ಪದಕ ಕೊಡುತ್ತಾರೆ. ಅದರಲ್ಲಿ ಆರಂಭದ ಆರ್ಥಿಕತೆಯ ಪಾಠ ಒಂದನ್ನು ಬೆಳ್ಳಿ ಬರುವ ತನಕ ಆಡಿದರೆ ಯೂಟ್ಯೂಬ್‌ನಲ್ಲಿ ಗಂಟೆಗಟ್ಟಲೆ ನೋಡುವ ಸಮಯ ಉಳಿಯುತ್ತದೆ.

ಕ್ಯಾಸಲ್ ಏಜ್ ಮುಟ್ಟಿದವರು ಸಾಮಾನ್ಯವಾಗಿ ಅಲ್ಲಿಂದ ನೈಟ್‌ಗಳ (ಕುದುರೆ ಸವಾರ ಸೈನಿಕರ) ಹಿಂದೆ ಬೀಳುತ್ತಾರೆ. ಮೊದಲು ಇನ್ನೆರಡು ಟೌನ್ ಸೆಂಟರ್ ಹಾಕಿ. ಒಂದಕ್ಕೆ 275 ಮರ, 100 ಕಲ್ಲು. ಶುರುವಿನಲ್ಲಿ ಸಿಕ್ಕ 200 ಕಲ್ಲನ್ನು ಮುಟ್ಟದೆ ಇಟ್ಟಿದ್ದರೆ ಸರಿಯಾಗಿ ಎರಡಕ್ಕೆ ಸಾಕು. ಇನ್ನು ಎದುರಾಳಿ ನೈಟ್ ಕಳಿಸಿದರೆ ಹೆದರಬೇಡಿ. ಒಬ್ಬ ನೈಟ್‌ಗೆ 60 ಆಹಾರ, 75 ಚಿನ್ನ. ಕುದುರೆಗಳನ್ನು ತಡೆಯುವ ಈಟಿಗಾರ, ಒಬ್ಬ ಸ್ಪಿಯರ್‌ಮನ್‌ಗೆ 35 ಆಹಾರ, 25 ಮರ, ಚಿನ್ನವೇ ಬೇಡ. ಕಂಪ್ಯೂಟರ್ ತನ್ನ ಚಿನ್ನ ಸುರಿಯಲಿ, ನೀವು ಆಹಾರ, ಮರದಲ್ಲೇ ತಡೆಯಿರಿ.

2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಡಿಎಲ್‌ಸಿ (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ) ಕೊಂಡವರು ಅದರಲ್ಲಿರುವ ದ್ರವಿಡಿಯನ್ಸ್ ಅನ್ನುವ ನಾಗರಿಕತೆ ತಗೊಂಡು ನೋಡಿ. ಪ್ರತಿ ಏಜ್ ಏರಿದಾಗಲೂ 200 ಮರ ಉಚಿತ, ಅದು ಕಂಪ್ಯೂಟರ್ ಜೊತೆ ಹೆಜ್ಜೆ ಹಾಕಲು ದೊಡ್ಡ ಆಸರೆ. ನೈಟ್ ಮಾತ್ರ ಇಲ್ಲ. ಅರಬರಿಂದ, ಪಾರಸಿಗಳ ನಾಡಿನಿಂದ ಹಡಗಿನಲ್ಲಿ ಕುದುರೆ ತರಿಸಿದ ವಿಜಯನಗರದ ಕಥೆ ಓದಿ ಬೆಳೆದವರಿಗೆ ಇದು ಸ್ವಲ್ಪ ಕಸಿವಿಸಿಯೇ. ಸೈನಿಕರು ಮಾತಾಡುವುದು ತಮಿಳು. ಕನ್ನಡ ಕೇಳುವ ಆಸೆ ಇದ್ದರೆ ಇಲ್ಲಿ ಈಡೇರುವುದಿಲ್ಲ.

ಎಐ ನಮ್ಮ ಪಕ್ಷದಲ್ಲಿದ್ದಾಗಲೂ ಚೆನ್ನಾಗಿಯೇ ಇರುತ್ತದೆ. ಚಾಟ್‌ನಲ್ಲಿ 3 ಅಂತ ಕಳಿಸಿದರೆ ಆಹಾರ, 4 ಮರ, 5 ಚಿನ್ನ ಕೇಳಿದ ಹಾಗೆ. 31 ಅಂದರೆ ದಾಳಿಗೆ ಹೊರಡು ಅಂತ. ರಜೆಗೆ ಬಂದ ತಂಗಿಯ ಮಗ ಇದನ್ನು ಕಂಡುಕೊಂಡ ಮೇಲೆ ಗಣಿ ಅಗೆಯುವುದನ್ನೇ ಬಿಟ್ಟುಬಿಟ್ಟ. "ಮಾವ, ಅದು ಕೊಡ್ತಾ ಇದೆಯಲ್ಲ, ನಾವ್ಯಾಕೆ ಅಗೀಬೇಕು?" ಅಂದ. ಅದರ ಹತ್ತಿರ ಮಾರ್ಕೆಟ್ ಇದ್ದು, ಕೈಯಲ್ಲಿ ಚಿನ್ನ ಇರುವ ತನಕ ಅವನ ಮಾತು ಸರಿಯೇ.

ಎಕ್ಸ್‌ಟ್ರೀಮ್ ಗೆಲ್ಲಲು ಶುರುವಾದ ಮೇಲೆ ಏನು? ಇಲ್ಲಿ ಆಟ ಸ್ವಲ್ಪ ಸೊರಗುತ್ತದೆ. ಬ್ಲ್ಯಾಕ್ ಫಾರೆಸ್ಟ್‌ನಂಥ ನಕ್ಷೆಯಲ್ಲಿ ಕಾಡಿನ ನಡುವಿನ ಇಕ್ಕಟ್ಟು ದಾರಿಗೆ ಗೋಡೆ ಹಾಕಿ ಕೂತರೆ ಕಂಪ್ಯೂಟರ್‌ನ ಹರಿತ ಅರ್ಧ ಇಳಿಯುತ್ತದೆ. ಅದರ ದಾಳಿಗಳಿಗೂ ಒಂದು ಲಯ ಇದೆ, ಅದು ಸಿಕ್ಕಿದ ಮೇಲೆ ಬೇಜಾರು ಬರಬಹುದು. ಆಗ ಅರೇಬಿಯಾದಂಥ ಬಯಲು ನಕ್ಷೆ ಹಾಕಿ, ಒಬ್ಬರ ಬದಲು ಇಬ್ಬರು ಎದುರಾಳಿಗಳನ್ನು ಇಟ್ಟುಕೊಳ್ಳಿ. ಇಬ್ಬರು ಹಾರ್ಡ್ ಒಬ್ಬ ಎಕ್ಸ್‌ಟ್ರೀಮ್‌ಗಿಂತ ಜಾಸ್ತಿ ಕಾಡುತ್ತಾರೆ, ಯಾಕೆಂದರೆ ಎರಡು ದಿಕ್ಕಿನಿಂದ ಬರುತ್ತಾರೆ.

ಐದರಲ್ಲಿ ನಾಲ್ಕೂವರೆ ಸ್ಟಾರ್. ಅರ್ಧ ಕಡಿದದ್ದು ಆ ಮಟ್ಟಗಳ ಮೆನುವಿಗೆ. ಸೇಲ್ ಇದ್ದಾಗ ಬರೀ ಡೆಫಿನಿಟಿವ್ ಎಡಿಷನ್ ಕೊಳ್ಳಿ. ಕಂಪ್ಯೂಟರ್ ಎದುರು ಕಲಿಯಲು ಅಷ್ಟೇ ಧಾರಾಳ, ಡಿಎಲ್‌ಸಿಗಳನ್ನು ಹಾರ್ಡ್ ಗೆದ್ದ ಮೇಲೆ ನೋಡಿಕೊಂಡರಾಯಿತು.